ಹೆಂಚಿಗೆ ಎರಡು ಕೋಟು

ನಮ್ಮ ಬೀದಿಯಲ್ಲಿ ಹೊಟ್ಟೆಕಿಚ್ಚು ಇಲ್ಲದವನು ಎಂದರೆ ನಾನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಪಕ್ಕದ ಮನೆಯವರು ಹೊಸ ಗೇಟು ಹಾಕಿಸಿದಾಗ ನನಗೆ ಏನೂ ಅನ್ನಿಸಲಿಲ್ಲ. ಸ್ವಲ್ಪ ದಿನಕ್ಕೇ ಅದು ಕಿರುಗುಟ್ಟಲು ಶುರುವಾದಾಗ ಮನಸ್ಸಿಗೆ ಒಂಚೂರು ಹಿತವಾಯಿತು, ಅಷ್ಟೆ. ಆದ್ದರಿಂದ ಆ ಪಕ್ಕದ ಮನೆಯ ಛಾವಣಿಯ ಕಥೆಯನ್ನು ಪಕ್ಷಪಾತವಿಲ್ಲದೆ ಹೇಳಲು ನನ್ನಷ್ಟು ಯೋಗ್ಯ ಇನ್ನೊಬ್ಬ ಸಿಗಲಾರ.

ಪಕ್ಕದ ಮನೆಯವರನ್ನು ಬೀದಿಯವರೆಲ್ಲ ತೂಕದವರು ಎಂದೇ ಕರೆಯುವುದು. ಊರಾಚೆಯ ವೇಬ್ರಿಜ್‌ನಲ್ಲಿ ಲಾರಿ ತೂಗುವುದು ಅವರ ಕೆಲಸ. ಖಾಲಿ ಲಾರಿ ಎಷ್ಟು, ತುಂಬಿದ ಲಾರಿ ಎಷ್ಟು ಎಂದು ದಿನವಿಡೀ ನೋಡಿ ನೋಡಿ ಅಭ್ಯಾಸವಾಗಿ, ಮನೆಗೆ ಬಂದ ಮೇಲೂ ಅವರ ಮನಸ್ಸು ಸುಮ್ಮನಿರುವುದಿಲ್ಲ. ಒಂದು ತಟ್ಟೆಯಲ್ಲಿ ತಮ್ಮನ್ನೂ ಇನ್ನೊಂದು ತಟ್ಟೆಯಲ್ಲಿ ತಮ್ಮ ಷಡ್ಡಕನನ್ನೂ ಇಟ್ಟು ತೂಗುತ್ತಲೇ ಇರುತ್ತದೆ.

ಷಡ್ಡಕ ಇರುವುದು ಎದುರು ಮನೆಯಲ್ಲಿ. ಅಕ್ಕತಂಗಿಯರಿಬ್ಬರೂ ಮದುವೆಯಾದ ಮೇಲೂ ಒಬ್ಬರನ್ನೊಬ್ಬರು ಬಿಟ್ಟಿರಲಾರೆವು ಎಂದು ಹಟ ಹಿಡಿದು ಎದುರುಬದುರು ಮನೆ ಮಾಡಿಸಿಕೊಂಡರು. ಅಕ್ಕತಂಗಿಯರೇನೋ ಸುಖವಾಗಿದ್ದಾರೆ. ಗಂಡಂದಿರು ಮಾತ್ರ ಬೆಳಿಗ್ಗೆ ಬಾಗಿಲು ತೆಗೆದರೆ ಒಬ್ಬರಿಗೊಬ್ಬರು ಎದುರಾಗಲೇಬೇಕು. ತಂಗಿಯ ಗಂಡನಿಗೆ ಕನ್ನಡಕದ ಅಂಗಡಿ ಇದೆ, ಹಾಗಾಗಿ ಅವರು ಕನ್ನಡಕದವರು. ಒಳ್ಳೆಯ ಮನುಷ್ಯ, ನಗುಮುಖ, ಮೆತ್ತನೆಯ ಮಾತು. ತೂಕದವರಿಗೆ ಸಹಿಸಲಾಗದ ಗುಣಗಳೆಂದರೆ ಇವೇ. ತೂಕದವರು ಅಂಗಡಿಯೆಲ್ಲ ಸುತ್ತಿ ಆರಿಸಿ ತಂದ ಅಂಗಿ ಎರವಲು ತಂದ ಹಾಗೆ ಕಾಣುತ್ತಿತ್ತು. ಕನ್ನಡಕದವರು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡರೂ ಯಾರೋ ಒಬ್ಬರು ತಡೆದು ನಿಲ್ಲಿಸಿ ಎಲ್ಲಿ ತಗೊಂಡ್ರಿ ಎಂದು ಕೇಳುತ್ತಿದ್ದರು.

ಇದಕ್ಕೆಲ್ಲ ಒಗ್ಗರಣೆ ಹಾಕಲು ಅತ್ತೆ ಇದ್ದರು. ಇಬ್ಬರು ಅಳಿಯಂದಿರಿಗೂ ಒಬ್ಬರೇ ಅತ್ತೆ. ಕೆಲವು ತಿಂಗಳು ದೊಡ್ಡ ಮಗಳ ಮನೆ, ಕೆಲವು ತಿಂಗಳು ಚಿಕ್ಕ ಮಗಳ ಮನೆ. ಎಲ್ಲಿದ್ದರೂ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಲ್ಲಿ ಕೂತವರಿಗೆ ಕಾಣುವುದು ಎದುರಿನ ಮನೆ. ಹೀಗಾಗಿ ಅವರು ಸದಾ ಎದುರಿನ ಮನೆಯನ್ನೇ ಹೊಗಳುತ್ತಿದ್ದರು. ತಮ್ಮ ಮನೆಯಲ್ಲೇ ಕೂತು, ತಮ್ಮ ಮನೆಯದೇ ಕಾಫಿ ಕುಡಿದು, ಷಡ್ಡಕನ ಕಿಟಕಿಯ ಪರದೆಯನ್ನು ಹೊಗಳುವ ಅತ್ತೆಯ ಮುಂದೆ ತೂಕದವರು ಹಲ್ಲು ಕಚ್ಚಿಕೊಂಡು ನಗುತ್ತಿದ್ದರು. ಅವರಿಗೆ ಜೀವನದಲ್ಲಿ ಇದ್ದ ಆಸೆ ಒಂದೇ. ಸಾಯುವ ಮೊದಲು ಒಂದೇ ಒಂದು ಸಲ ಷಡ್ಡಕ ತಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು, ಅದನ್ನು ತಾವು ಕಣ್ಣಾರೆ ನೋಡಬೇಕು. ಈ ಆಸೆಯನ್ನು ಅವರು ನನ್ನೊಡನೆ ಗೋಡೆಯಾಚೆಯಿಂದ ಹಲವು ಸಲ ಹೇಳಿಕೊಂಡಿದ್ದಾರೆ. ನಾನು ಮನಸಾರೆ ಒಪ್ಪಿದ್ದೇನೆ, ಏಕೆಂದರೆ ಕನ್ನಡಕದವರನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ.

ಈ ಆಸೆಯಿಂದಲೇ ಅವರು ಸೋಲಾರ್ ಹೆಂಚು ಹಾಕಿಸಿದ್ದು. ಛಾವಣಿಯ ಮೇಲೆ ದೊಡ್ಡ ದೊಡ್ಡ ಫಲಕ ನಿಲ್ಲಿಸುತ್ತಾರಲ್ಲ, ಆ ಸೋಲಾರ್ ಅಲ್ಲ ಇದು. ಹೆಂಚೇ ಬಿಸಿಲು ಕುಡಿದು ಕರೆಂಟು ಕೊಡುತ್ತದೆ. ಬೀದಿಯಲ್ಲಿ ಕರೆಂಟು ಹೋದಾಗಲೂ ಬ್ಯಾಟರಿಯಿಂದ ಮನೆಯ ದೀಪ ಉರಿಯುತ್ತದೆ. ಕಂಪನಿಯವರು ಇದರ ದೊಡ್ಡ ಗುಣವೆಂದು ಒತ್ತಿ ಒತ್ತಿ ಹೇಳಿದ್ದು ಇನ್ನೊಂದು: ನೋಡಿದರೆ ಸಾಮಾನ್ಯ ಹೆಂಚಿನ ಹಾಗೇ ಇರುತ್ತದೆ, ಸೋಲಾರ್ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಕೇಳಿಯೂ ತೂಕದವರು ಹಾಕಿಸಿದರು. ಹೊಟ್ಟೆಕಿಚ್ಚು ಕಿವಿಗೆ ಅಡ್ಡ ಕೂತಿರುವಾಗ ಮನುಷ್ಯನಿಗೆ ಪೂರ್ತಿ ಮಾತು ಕೇಳಿಸುವುದಿಲ್ಲ.

ಕಂಪನಿಯವರ ಮಾತು ಅಕ್ಷರಶಃ ನಿಜವಾಯಿತು. ಯಾರಿಗೂ ಗೊತ್ತಾಗಲಿಲ್ಲ. ಹಳೆಯ ಹೆಂಚು ಇಳಿಸಿ ಹೊಸ ಹೆಂಚು ಏರಿಸುವುದನ್ನು ಇಡೀ ಬೀದಿ ನೋಡಿತು, ಸೋರುತ್ತಿತ್ತೇನೋ ಪಾಪ ಎಂದುಕೊಂಡು ಮುಂದೆ ಹೋಯಿತು. ಹೊಸ ಹೆಂಚಿನ ಬಣ್ಣ ಕಡುಗಪ್ಪು. ಚಿಕ್ಕ ಮಗಳ ಮನೆಯಿಂದ ನೋಡಿದ ಅತ್ತೆ, ಹೊಸ ಹೆಂಚಂತೆ, ಆಗಲೇ ಪಾಚಿ ಹಿಡಿದು ಕಪ್ಪಾಗಿದೆ ಎಂದು ನೊಂದುಕೊಂಡರು. ಕನ್ನಡಕದವರು ಬಂದು ಭಾವನ ಹೆಗಲು ತಟ್ಟಿ, ಸೋರದಿದ್ದರೆ ಸಾಕು ಬಿಡಿ, ನೋಡುವುದಕ್ಕೆ ಹೇಗಿದ್ದರೇನು ಎಂದು ಸಮಾಧಾನ ಹೇಳಿದರು. ಇದು ಕರೆಂಟು ಕೊಡುವ ಹೆಂಚು ಎಂದು ತೂಕದವರು ವಿವರಿಸಿದಾಗ, ಹೌದಾ ಎಂದರು. ಮಗು ತಾನು ರಾಜ ಎಂದಾಗ ದೊಡ್ಡವರು ಹೌದಾ ಎನ್ನುತ್ತಾರಲ್ಲ, ಅದೇ ಹೌದಾ.

ಅಲ್ಲಿಂದ ತೂಕದವರು ಪ್ರತಿ ರಜೆಯ ದಿನವೂ ಛಾವಣಿ ತೊಳೆಯಲು ನಿಂತರು. ಹೆಂಚಿನ ಮೇಲೆ ದೂಳು ಕೂರಬಾರದು, ಮೆತ್ತನೆಯ ಬಟ್ಟೆಯಿಂದ ಬರೀ ನೀರಿನಲ್ಲಿ ಒರೆಸಬೇಕು, ಯಾವುದೂ ಅದರ ಬಿಸಿಲಿಗೆ ಅಡ್ಡ ಬರಬಾರದು ಎಂದು ಕಂಪನಿಯ ಎಂಜಿನಿಯರ್ ಹೇಳಿ ಹೋಗಿದ್ದರು. ಉದ್ದನೆಯ ಕೋಲಿಗೆ ಬಟ್ಟೆ ಕಟ್ಟಿ, ಏಣಿಯ ಮೇಲೆ ನಿಂತು, ದಾರಿಹೋಕರು ಬರುವ ಹೊತ್ತು ನೋಡಿ ಒರೆಸುತ್ತಿದ್ದರು. ಯಾರಾದರೂ ಏನು ಮಾಡ್ತಿದೀರಿ ಎಂದು ಕೇಳಲಿ, ತಾವು ಉತ್ತರ ಹೇಳೋಣ ಎಂದು. ಕೇಳಿದವರು ಒಬ್ಬರೇ, ನಾಯಿ ತಿರುಗಾಡಿಸಲು ಬರುವ ರಿಟೈರ್ಡ್ ಮೇಷ್ಟ್ರು. ಕಾಗೆ ಗೂಡು ಕಟ್ಟಿದೆಯಾ ಎಂದು ಕೇಳಿದರು.

ಕೊನೆಗೂ ಆ ಛಾವಣಿಯ ಮಹಿಮೆಯನ್ನು ಗುರುತಿಸಿದವನು ಮೀಟರ್ ಓದುವವನು. ಇಷ್ಟು ದೊಡ್ಡ ಮನೆ, ಇಷ್ಟು ಫ್ಯಾನು, ಮೀಟರ್ ಮಾತ್ರ ಮಲಗಿದೆ. ಅವನು ಛಾವಣಿ ನೋಡಲಿಲ್ಲ, ಕಂಬದಿಂದ ಬರುವ ತಂತಿ ನೋಡಿದ. ಮಾರನೆಯ ದಿನ ಕರೆಂಟ್ ಆಫೀಸಿನ ಜೀಪು ತೂಕದವರ ಗೇಟಿನ ಮುಂದೆ ನಿಂತಿತು. ಇಬ್ಬರು ಅಧಿಕಾರಿಗಳು ಇಳಿದು, ಎಲ್ಲಿಂದ ಎಳೆದಿದೀರಿ ಹೇಳಿಬಿಡಿ, ನಾವೇ ಹುಡುಕಿದರೆ ಕೇಸು ಗಟ್ಟಿಯಾಗುತ್ತೆ ಎಂದರು. ಬೀದಿ ಪೂರ್ತಿ ಹೊರಗೆ ಬಂತು. ನಾನು ಸಹ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಬಂದೆ. ನೀರು ಗಿಡಕ್ಕೆ ಬಿತ್ತೋ ಚಪ್ಪಲಿಗೆ ಬಿತ್ತೋ ಗೊತ್ತಿಲ್ಲ. ಅಧಿಕಾರಿಗಳು ಏಣಿ ಹತ್ತಿ, ಹೆಂಚು ಮುಟ್ಟಿ, ತಂತಿ ನೋಡಿ, ಇಳಿದು ಬಂದರು. ಹೆಂಚೇ ಸೋಲಾರಾ, ಗೊತ್ತೇ ಆಗಲ್ವಲ್ಲ ಎಂದು ಹೇಳಿ ಜೀಪು ಹತ್ತಿದರು.

ಇದನ್ನು ಅವರು ಮೆಲ್ಲಗೆ ಹೇಳಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಕೇಸು ಎಂದು ಮೊದಲು ಹೇಳಿದ್ದು ಮಾತ್ರ ಎಲ್ಲರಿಗೂ ಕೇಳಿಸಿತ್ತು. ಸಂಜೆಯ ಹೊತ್ತಿಗೆ ತೂಕದವರು ಕರೆಂಟು ಕದಿಯುತ್ತಿದ್ದರು ಎಂಬುದು ಬೀದಿಯ ಕೊನೆಯ ಮನೆಗೂ ತಲುಪಿತು. ಕನ್ನಡಕದವರು ಬಂದು ಬಾಗಿಲು ಹಾಕಿಕೊಂಡು, ಕಷ್ಟ ಇದ್ದರೆ ನನ್ನ ಹತ್ತಿರ ಹೇಳಬಾರದಾ ಭಾವ, ಹೊರಗಿನವನಾ ನಾನು ಎಂದು ಕೇಳಿದರು. ಅವರ ಕಣ್ಣಿನಲ್ಲಿ ನಿಜವಾಗಿ ನೀರಿತ್ತಂತೆ. ತೂಕದವರು ಅಂದು ಊಟ ಮಾಡಲಿಲ್ಲ.

ಗಾಯದ ಮೇಲೆ ಬರೆ ಎಳೆದ ಹಾಗೆ ಅದೇ ಸಮಯಕ್ಕೆ ಕನ್ನಡಕದವರು ಮನೆಗೆ ಬಣ್ಣ ಹೊಡೆಸಿದರು. ಏನೂ ದೊಡ್ಡ ಖರ್ಚಿಲ್ಲ, ಬರೀ ಬಣ್ಣ. ಗೋಡೆಗೆ ಎಳೆಹಸಿರು, ಕಿಟಕಿಯ ಅಂಚಿಗೆ ಬಿಳಿ. ಬೀದಿ ಮರುಳಾಗಿ ಹೋಯಿತು. ಹೋಗುವವರು ನಿಂತರು, ನಿಂತವರು ಕರೆದು ತೋರಿಸಿದರು, ಮೇಷ್ಟ್ರ ನಾಯಿ ಕೂಡ ಅಲ್ಲಿ ಕಾಲೆತ್ತಲು ಹಿಂಜರಿಯಿತು. ಆ ಹೊತ್ತಿಗೆ ಅತ್ತೆ ತೂಕದವರ ಮನೆಗೆ ಬಂದಿದ್ದರಾದ್ದರಿಂದ ಎಳೆಹಸಿರು ಅವರ ಕಣ್ಣೆದುರಿಗೇ ಇತ್ತು. ಬೆಳಿಗ್ಗೆ ಬಿಸಿಲಲ್ಲಿ ನೋಡಬೇಕು ಅಳಿಯಂದ್ರೇ, ಸಂಜೆ ಇನ್ನೂ ಚೆನ್ನ ಎಂದು ದಿನಾ ಹೇಳಿದರು. ತೂಕದವರ ತಲೆಯ ಮೇಲೆ ಸೂರ್ಯನನ್ನೇ ಹಿಡಿದು ಹಾಕಿದ ಛಾವಣಿ ಇತ್ತು. ಅವರು ಅದರ ಕೆಳಗೆ ಕೂತು ಒಂದು ಡಬ್ಬ ಸುಣ್ಣಬಣ್ಣವನ್ನು ನೋಡಿ ಒಳಗೊಳಗೇ ಬೇಯುತ್ತಿದ್ದರು.

ಬೆಂದು ಬೆಂದು ಒಂದು ದಿನ ಅದೇ ಪೇಂಟರ್ ಮೇಸ್ತ್ರಿಯನ್ನು ಕರೆಸಿದರು. ಈ ಮೇಸ್ತ್ರಿಗೆ ಎರಡು ಕೋಟು ಎಂದೇ ಹೆಸರು. ಒಂದೇ ಕೋಟಿಗೆ ಕೆಲಸ ಮುಗಿಸಿದ ಚರಿತ್ರೆ ಇಲ್ಲ. ಇನ್ನೊಂದು ಪದ್ಧತಿ ಏನೆಂದರೆ, ಕೆಲಸ ಮುಗಿದಾಗ ಡಬ್ಬದಲ್ಲಿ ಬಣ್ಣ ಉಳಿಯಬಾರದು. ಉಳಿದರೆ ಅದು ಮೇಸ್ತ್ರಿಗೆ ಅವಮಾನ. ನಮ್ಮ ಮನೆಗೆ ಬಂದಿದ್ದಾಗ ಉಳಿದ ಬಣ್ಣಕ್ಕೆ ಜಾಗ ಹುಡುಕಿ ಕಾಲಿಂಗ್ ಬೆಲ್ಲಿನ ಗುಂಡಿಗೂ ಎರಡು ಕೋಟು ಹೊಡೆದು ಹೋಗಿದ್ದರು. ಅದು ಇವತ್ತಿಗೂ ಒತ್ತಿದರೆ ಮೇಲೆ ಬರುವುದಿಲ್ಲ.

ತೂಕದವರು ಅವರಿಗೆ ಬಣ್ಣದ ಹೆಸರು ಹೇಳಲಿಲ್ಲ, ಅಳತೆ ಹೇಳಲಿಲ್ಲ. "ಎದುರು ಮನೆಗೆ ಏನು ಮಾಡಿದೀರೋ ಅದೆಲ್ಲ ಮಾಡಿ. ಆಮೇಲೆ, ಅವರಿಗೆ ಏನು ಮಾಡಿಲ್ಲವೋ ಅದನ್ನೂ ಮಾಡಿ. ಬೀದಿ ನಿಂತು ನೋಡಬೇಕು" ಎಂದರು.

ಹೀಗೆ ಹೇಳಿ ಲಾರಿ ತೂಗಲು ಹೋದರು. ಬಣ್ಣದ ವಾಸನೆಗೆ ತಲೆನೋವು ಎಂದು ಹೆಂಡತಿ ತಾಯಿಯನ್ನು ಕರೆದುಕೊಂಡು ತಂಗಿಯ ಮನೆ ಸೇರಿದರು. ಮೇಸ್ತ್ರಿ ಮತ್ತು ಅವರ ಆಳುಗಳು ಗೋಡೆ ಮುಗಿಸಿದರು, ಕಿಟಕಿ ಮುಗಿಸಿದರು, ಗೇಟು, ಪೈಪು, ಕಾಂಪೌಂಡು ಮುಗಿಸಿದರು. ಆಮೇಲೆ ಮೇಸ್ತ್ರಿ ಬೀದಿಯ ನಡುವೆ ನಿಂತು, ಆ ಮನೆ ಈ ಮನೆ ನೋಡಿ ಯೋಚಿಸಿದರು. ಅಲ್ಲಿ ಮಾಡದೆ ಉಳಿದಿದ್ದು ಯಾವುದು? ಛಾವಣಿ. ಇಲ್ಲಿಯ ಛಾವಣಿಯಂತೂ ಪಾಚಿ ಹಿಡಿದು ಕಪ್ಪಾಗಿದೆ. ಹೆಂಚಿಗೆ ಬಣ್ಣ ಹೊಡೆಯುವುದು ಲೋಕರೂಢಿ. ಕೆಂಪು ಬಣ್ಣದ ದೊಡ್ಡ ಡಬ್ಬಗಳನ್ನು ತರಿಸಿ ಏಣಿ ಹತ್ತಿದರು. ಎದುರು ಮನೆಯ ಜಗುಲಿಯಿಂದ ಅತ್ತೆ, ಅಂತೂ ಅಳಿಯನಿಗೆ ಬುದ್ಧಿ ಬಂತು ಎಂದು ಸಂತೋಷಪಟ್ಟು, ಆ ಮೂಲೆ ಬಿಟ್ಟುಹೋಗಿದೆ, ಈ ಅಂಚಿಗೆ ಹತ್ತಿಲ್ಲ ಎಂದು ಕೂಗಿ ಕೂಗಿ ಕೆಲಸ ಮಾಡಿಸಿದರು. ಮೊದಲ ಕೋಟು ಒಣಗಿತು. ಎರಡನೆಯದೂ ಬಿತ್ತು.

ಸಂಜೆ ತೂಕದವರು ಸ್ಕೂಟರಿನಲ್ಲಿ ಬೀದಿಯ ತಿರುವಿಗೆ ಬಂದಾಗ ಅವರ ಮನೆಯ ಮುಂದೆ ಜನ ಸೇರಿತ್ತು. ಮತ್ತೆ ಜೀಪು ಬಂತೇನೋ ಎಂದು ಸ್ಕೂಟರ್ ನಿಧಾನ ಮಾಡಿದರು. ಹತ್ತಿರ ಬಂದಾಗ ಎಲ್ಲರ ತಲೆಯೂ ಮೇಲಕ್ಕೆ ತಿರುಗಿತ್ತು. ತಾವೂ ತಿರುಗಿಸಿದರು. ಛಾವಣಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಾಣುವ ಹಾಗೆ ಕೆಂಪಗೆ ಫಳಫಳಿಸುತ್ತಿತ್ತು.

ಸ್ಕೂಟರ್ ಸ್ಟ್ಯಾಂಡ್ ಹಾಕದೆಯೇ ಇಳಿದರು, ಅದು ಬಿತ್ತು. ಮೇಸ್ತ್ರಿಯ ಕಡೆಗೆ ಕೈ ಎತ್ತಿಕೊಂಡು ಹೋದರು. ಮೇಸ್ತ್ರಿ ಹೆಮ್ಮೆಯಿಂದ, "ನೀವೇ ಹೇಳಿದ್ರಲ್ಲ ಸಾರ್, ಅವರಿಗೆ ಮಾಡದೇ ಇದ್ದದ್ದನ್ನೂ ಮಾಡು ಅಂತ. ಉಳಿದಿದ್ದು ಹೆಂಚು ಒಂದೇ. ಡಬ್ಬದಲ್ಲಿ ಒಂದು ತೊಟ್ಟು ಉಳಿದಿಲ್ಲ ನೋಡಿ" ಎಂದು ಡಬ್ಬ ಬೋರಲು ಹಾಕಿ ತೋರಿಸಿದರು. ಎತ್ತಿದ ಕೈ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ತೂಕದವರ ಕಣ್ಣು ಜನರ ನಡುವೆ ನಿಂತಿದ್ದ ಷಡ್ಡಕನ ಮೇಲೆ ಬಿತ್ತು.

ಕನ್ನಡಕದವರ ನಗುಮುಖದಲ್ಲಿ ನಗು ಇರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಮತ್ತೆ ತೆಗೆದು ಒರೆಸಿದರು. "ಚೆನ್ನಾಗಿದೆ ಭಾವ" ಎಂದರು. ಆ ಮಾತು ಅವರ ಗಂಟಲಿನಿಂದ ಮೀನಿನ ಮುಳ್ಳಿನ ಹಾಗೆ ಹೊರಗೆ ಬಂತು.

ತೂಕದವರ ಕೈ ಮೆಲ್ಲಗೆ ಬಿಚ್ಚಿಕೊಂಡಿತು. ಆ ಕೈ ಮೇಸ್ತ್ರಿಯ ಬೆನ್ನಿನ ಮೇಲೆ ಇಳಿದು, ಭೇಷ್ ಎಂದು ತಟ್ಟಿತು. ಇದನ್ನು ನಾನು ಕಣ್ಣಾರೆ ಕಂಡೆ.

ಲೋಕದ ರೀತಿ ನೋಡಿ. ಆ ಹೆಂಚು ಕರೆಂಟು ಕೊಡುತ್ತಿದ್ದಾಗ ನಂಬಿದವರಿಲ್ಲ. ಬಣ್ಣ ಬಿದ್ದು ಕರೆಂಟು ನಿಂತ ಮೇಲೆ ಎಲ್ಲರೂ ನಂಬಿದರು. ಏನ್ರೀ ಇದು ಎಂದು ಕೇಳಿದವರಿಗೆಲ್ಲ ತೂಕದವರು ಸೋಲಾರ್ ಹೆಂಚು ಎಂದರು. ನೋಡಿದರೇ ಗೊತ್ತಾಗುತ್ತೆ ಬಿಡಿ ಎಂದು ಅವರೆಲ್ಲ ತಲೆ ಆಡಿಸಿದರು. ಪಕ್ಕದ ಬೀದಿಯವರು ಮಕ್ಕಳನ್ನು ಕರೆತಂದು, ನೋಡು, ಎಷ್ಟು ಕೆಂಪಗಿದೆ, ಒಳಗೆಲ್ಲ ಕರೆಂಟು ಓಡಾಡ್ತಿದೆ ಎಂದು ವಿಜ್ಞಾನ ಹೇಳಿಕೊಟ್ಟರು. ಕರೆಂಟು ಕಳ್ಳ ಎಂಬ ಮಾತು ಹೇಳಹೆಸರಿಲ್ಲದಂತೆ ಅಳಿಸಿಹೋಯಿತು. ಅತ್ತೆ ಚಿಕ್ಕ ಮಗಳ ಮನೆಯಲ್ಲೇ ಉಳಿದರು, ಏಕೆಂದರೆ ಛಾವಣಿ ಕಾಣುವುದು ಅಲ್ಲಿಂದಲೇ. ಬೆಳಿಗ್ಗೆ ಬಿಸಿಲಲ್ಲಿ ನೋಡಬೇಕು, ಸಂಜೆ ಇನ್ನೂ ಚೆನ್ನ ಎಂದು ಈಗ ಕನ್ನಡಕದವರ ಕಿವಿಗೆ ದಿನಾ ಬೀಳತೊಡಗಿತು. ಅವರು ಮನೆಯ ಹಿಂಬಾಗಿಲಿನಿಂದ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಮುಖದ ಮೇಲಿನ ಮಾಂಸ ಇಳಿಯಿತು.

ಇತ್ತ ತೂಕದವರ ಮನೆಯೊಳಗೆ ಬೇರೆಯದೇ ಸಂಸಾರ ನಡೆದಿತ್ತು. ಬ್ಯಾಟರಿ ಬರಿದಾಯಿತು. ಮಲಗಿದ್ದ ಮೀಟರ್ ಎದ್ದು ಓಡತೊಡಗಿತು. ಬೇಸಿಗೆ ಬೇರೆ, ಬೀದಿಗೆ ದಿನಾ ಸಂಜೆ ಕರೆಂಟು ಹೋಗುತ್ತಿತ್ತು. ಆಗ ಊರಿಗೆಲ್ಲ ಇದ್ದ ಕತ್ತಲೆ ಸೋಲಾರ್ ಮನೆಗೂ ಇರುತ್ತಿತ್ತು. ನಿಮಗ್ಯಾಕೆ ದೀಪ ಇಲ್ಲ ಎಂದು ಮೇಷ್ಟ್ರು ಕೇಳಿದರೆ, ಕತ್ತಲೆ ಕಣ್ಣಿಗೆ ತಂಪು, ಅದಕ್ಕೇ ಆರಿಸಿದೀವಿ ಎನ್ನುತ್ತಿದ್ದರು. ಹೆಂಡತಿ ಬೀಸಣಿಗೆ ಬೀಸಿಕೊಂಡು ಬೀಸಿಕೊಂಡು ಕೈ ಸೋತು, ಬಣ್ಣ ಕೆರೆಸಿ ಹಾಕ್ರೀ ಎಂದು ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಹೇಳಿದರು. ಇನ್ನೊಂದು ಸ್ವಲ್ಪ ದಿನ ತಡಿ, ಅವನು ಇನ್ನೂ ಬಾಯಿ ಬಿಟ್ಟು ಹೇಳಿಲ್ಲ ಎಂದು ತೂಕದವರು ಉತ್ತರ ಕೊಟ್ಟರು. ಷಡ್ಡಕನ ಮುಖ ಬಾಡಿದ್ದೇನೋ ನಿಜ, ಆದರೆ ಅದಕ್ಕೆ ಅಜೀರ್ಣವೂ ಕಾರಣವಿರಬಹುದಲ್ಲ. ಅವರಿಗೆ ಬೇಕಾಗಿದ್ದು ಖಚಿತ ತೂಕ.

ಹೀಗಿರುವಾಗ ಕಂಪನಿಯ ಎಂಜಿನಿಯರ್ ತಾವಾಗಿಯೇ ಬಂದರು. ಅಲ್ಲೆಲ್ಲೋ ಆಫೀಸಿನಲ್ಲಿ ಕೂತು ನೋಡಿದರೆ ಯಾವ ಛಾವಣಿ ಎಷ್ಟು ಕರೆಂಟು ಕೊಡುತ್ತಿದೆ ಎಂಬುದು ಅವರಿಗೆ ತಿಳಿಯುತ್ತದಂತೆ. ಈ ಛಾವಣಿ ಸತ್ತು ಬಿದ್ದಿರುವುದು ಕಂಡು ಗಾಬರಿಯಾಗಿ ಬಂದಿದ್ದರು. ಗೇಟಿನ ಹತ್ತಿರ ನಿಂತು ತಲೆಯೆತ್ತಿದವರು ಬಹಳ ಹೊತ್ತು ತಲೆ ಇಳಿಸಲಿಲ್ಲ. ಆಮೇಲೆ ಏಣಿ ಹತ್ತಿ ಉಗುರಿನಿಂದ ಕೆರೆದು ನೋಡಿ, ಕೆಳಗೆ ಬಂದು ಜಗುಲಿಯ ಮೆಟ್ಟಿಲಿನ ಮೇಲೆ ಕೂತು ನೀರು ಕೇಳಿದರು. ಹೆಂಡತಿ ಓಡಿಹೋಗಿ ನೀರು ತಂದರು. ಎದುರು ಮನೆಯಿಂದ ಅತ್ತೆ, ತಂಗಿ, ಕನ್ನಡಕದವರು ಮೂವರೂ ಬಂದರು. ನಾನು ಗಿಡಕ್ಕೆ ನೀರು ಹಾಕಲು ಹೊರಟೆ.

ನೀರು ಕುಡಿದು ಎಂಜಿನಿಯರ್ ಹೇಳಿದ್ದು ಇಷ್ಟು: ಹೆಂಚಿಗೆ ಏನೂ ಆಗಿಲ್ಲ, ಮೇಲಿನ ಬಣ್ಣವೇ ರೋಗ. ತಮ್ಮ ಬಳಿ ಒಂದು ದ್ರಾವಣ ಇದೆ, ಹಚ್ಚಿ ಒರೆಸಿದರೆ ಸಂಜೆಯೊಳಗೆ ಬಣ್ಣ ಬಿಟ್ಟುಕೊಳ್ಳುತ್ತದೆ, ನಾಳೆಯಿಂದ ಕರೆಂಟು ಬರುತ್ತದೆ. ಆದರೆ ಇವತ್ತೇ ಆಗಬೇಕು. ಈ ಬೇಸಿಗೆಯ ಬಿಸಿಲು ಇನ್ನೊಂದು ದಿನ ಬಿದ್ದರೂ ಬಣ್ಣ ಹೆಂಚಿನಲ್ಲಿ ಬೆಂದು ಕೂರುತ್ತದೆ, ಆಮೇಲೆ ಕಂಪನಿಯೇ ಬಂದರೂ ಕೀಳಲಾಗದು.

ಇದಕ್ಕೆ ಯೋಚಿಸುವುದೇನಿದೆ, ಶುರುಮಾಡಿ ಎಂದು ಹೆಂಡತಿ ಬಕೆಟ್ಟು ತಂದೇಬಿಟ್ಟರು. ತೂಕದವರು ಛಾವಣಿ ನೋಡಿದರು, ಬಕೆಟ್ಟು ನೋಡಿದರು, ಅವರ ಮುಖದಲ್ಲಿ ತಕ್ಕಡಿ ಆ ಕಡೆ ಈ ಕಡೆ ತೂಗಾಡುವುದು ನನಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅದು ಬಕೆಟ್ಟಿನ ಕಡೆಗೇ ವಾಲಿತ್ತು. ಪಾಪ, ಅವರಿಗೂ ಸೆಕೆ ಆಗುತ್ತಿತ್ತು. ಆಗಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಕನ್ನಡಕದವರು ಮುಂದೆ ಬಂದು ಅವರ ಕೈ ಹಿಡಿದುಕೊಂಡರು.

"ತೆಗೆಸಿಬಿಡಿ ಭಾವ" ಎಂದರು. "ಕೂಲಿ ಬೇಕಾದ್ರೆ ನಾನೇ ಕೊಡ್ತೀನಿ. ಬೆಳಿಗ್ಗೆ ಬಾಗಿಲು ತೆಗೆದ್ರೆ ಅದೇ ಕಾಣುತ್ತೆ. ಕಣ್ಣು ಮುಚ್ಚಿದ್ರೂ ಅದೇ ಕಾಣುತ್ತೆ. ನಂಗೆ ಸಹಿಸಕ್ಕೆ ಆಗ್ತಾ ಇಲ್ಲ."

ತೂಕದವರ ಮುಖದ ಮೇಲೆ ಏನೋ ಒಂದು ಕಳೆ ನಿಧಾನವಾಗಿ ಹರಡಿತು. ಮಗುವಿನ ಮೊದಲ ಮಾತು ಕೇಳಿದ ತಂದೆಯ ಹಾಗೆ ಅವರು ಷಡ್ಡಕನ ಕಡೆಗೆ ಬಗ್ಗಿದರು.

"ಇನ್ನೊಂದ್ಸಲ ಹೇಳಿ" ಎಂದರು.

"ಸಹಿಸಕ್ಕೆ ಆಗ್ತಾ ಇಲ್ಲ ಭಾವ."

"ಸ್ವಲ್ಪ ಗಟ್ಟಿಯಾಗಿ. ಅತ್ತೆಗೂ ಕೇಳಿಸಲಿ."

ಕನ್ನಡಕದವರು ಗಟ್ಟಿಯಾಗಿ ಹೇಳಿದರು. ತೂಕದವರು ಹೆಂಡತಿಯ ಕೈಯಿಂದ ಬಕೆಟ್ಟು ತೆಗೆದುಕೊಂಡು ಅದರ ನೀರನ್ನು ನಮ್ಮ ಗಿಡದ ಬುಡಕ್ಕೆ ಸುರಿದರು.

ಎಂಜಿನಿಯರ್ ತಾಳ್ಮೆ ಕಳೆದುಕೊಳ್ಳದೆ ಮತ್ತೆ ವಿವರಿಸಲು ನೋಡಿದರು: ಸಾರ್, ಇದು ಕರೆಂಟು ಕೊಡುವ ಹೆಂಚು, ಬಣ್ಣ ಇದ್ದರೆ ಕೊಡುವುದಿಲ್ಲ, ನಿಮಗೇ ನಷ್ಟ. ತೂಕದವರು ಅವರನ್ನು ಬಹಳ ಕರುಣೆಯಿಂದ ನೋಡಿ, ಹೆಗಲ ಮೇಲೆ ಕೈ ಹಾಕಿ ಗೇಟಿನವರೆಗೆ ಕರೆದುಕೊಂಡು ಹೋದರು.

"ಕರೆಂಟು ಬಂದ್ರೆ ನಮ್ಮನೇಲಿ ನಾಲ್ಕು ದೀಪ ಉರಿಯುತ್ತೆ ಅಷ್ಟೇ" ಎಂದರು. "ಈ ಬಣ್ಣ ನಮ್ಮ ಷಡ್ಡಕನ ಹೊಟ್ಟೇಲಿ ಉರೀತಾ ಇದೆ. ಅದನ್ನ ಆರಿಸೋ ಕೆಲಸ ಮಾಡಬೇಡಿ."

ಎಂಜಿನಿಯರ್ ಏಣಿ ಮಡಚಿಕೊಂಡು ಹೊರಟುಹೋದರು. ತೂಕದವರ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕನ್ನಡಕದವರನ್ನು ಅವರ ಹೆಂಡತಿ ತೋಳು ಹಿಡಿದು ರಸ್ತೆ ದಾಟಿಸಿದರು.

ಸಂಜೆ ಎಂದಿನಂತೆ ಕರೆಂಟು ಹೋಯಿತು. ಸೆಕೆ ತಾಳಲಾರದೆ ನಾನು ಹೊರಗೆ ಬಂದು ನಿಂತೆ. ಬೀದಿಯ ಎಲ್ಲ ಮನೆಗಳೂ ಕಪ್ಪಾಗಿದ್ದವು, ಕೆಂಪು ಛಾವಣಿ ಯಾವುದು, ಹಸಿರು ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ. ತೂಕದವರು ತಮ್ಮ ಜಗುಲಿಯಲ್ಲಿ ಬನಿಯನ್ನಿನಲ್ಲಿ ಕೂತು ಬೆವರುತ್ತಿದ್ದರು. ಎದುರು ಜಗುಲಿಯಲ್ಲೂ ಯಾರೋ ಒಂಟಿಯಾಗಿ ಕೂತಿದ್ದ ಹಾಗಿತ್ತು. ತೂಕದವರ ಮುಖದಲ್ಲಿ ನಾನು ಎಂದೂ ನೋಡಿರದಂಥ ತೃಪ್ತಿಯ ನಗು ಇತ್ತು. ಕತ್ತಲೆಯಲ್ಲಿ ಅದು ಷಡ್ಡಕನಿಗೆ ಎಲ್ಲಿ ಕಾಣದೆ ಹೋಗುತ್ತದೋ ಎಂದು, ಒಂದು ಮೇಣದ ಬತ್ತಿ ಹಚ್ಚಿ ಮುಖದ ಹತ್ತಿರ ಹಿಡಿದುಕೊಂಡಿದ್ದರು.